ತಳದ ಎಲೆ

ಬುಧವಾರ ಸಂಜೆ ನಾಲ್ಕೂಕಾಲಿಗೆ, ಕಬಾಂಗೊ ದಡದ ಚಹಾದಂಗಡಿಯ ಮುಂದೆ, ಗ್ಯಾಸ್‌ಲೈಟ್ ರಿಪೇರಿಯ ಹಮೀಮು ಐದು ಜನ ಗುಟ್ಟಾಗಿ ಆರಿಸಿಕೊಂಡ ಐದು ಇಸ್ಪೀಟ್ ಎಲೆಗಳನ್ನು ಒಂದೊಂದಾಗಿ ಗುರುತಿಸಿದ. ಐದೂ ಸರಿಯಾಗಿದ್ದವು. ನೋಡಿದವರು ಇಪ್ಪತ್ತಾರು ಮಂದಿ. ಲೆಕ್ಕ ನನ್ನದು, ನಾನು ಹಿಂದಿನ ಬೆಂಚಿನಲ್ಲಿದ್ದೆ.

ಅದು ಬೆಳದಿಂಗಳ ವಾರ. ಟಾಂಗನೀಕಾ ಸರೋವರದಲ್ಲಿ ದಗಾ ಮೀನು ಗ್ಯಾಸ್‌ಲೈಟಿನ ಬೆಳಕಿಗೆ ಮೇಲೆ ಬರುತ್ತದೆ. ಆಕಾಶದಲ್ಲೇ ಬೆಳಕಿರುವಾಗ ದೋಣಿಯ ದೀಪವನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಾಗಾಗಿ ತಿಂಗಳಿಗೊಂದು ವಾರ ದೋಣಿಗಳು ಮರಳಿನ ಮೇಲೆ, ಗಂಡಸರು ಚಹಾದಂಗಡಿಯಲ್ಲಿ. ಹಾಡುವವರು ಹಾಡುತ್ತಾರೆ, ದೋಣಿ ಒಡೆಯರ ನಡಿಗೆ ಅಣಕಿಸುವವರು ಅಣಕಿಸುತ್ತಾರೆ, ಉಳಿದವರು ಇಸ್ಪೀಟು ಆಡುತ್ತಾರೆ.

ಹಮೀಮುವಿಗೆ ಆಗ ನಲವತ್ತೊಂದು ವರ್ಷ. ಹದಿನಾಲ್ಕು ವರ್ಷಗಳಿಂದ ದಡದ ಅಷ್ಟೂ ದೀಪಗಳನ್ನು ಅವನೇ ರಿಪೇರಿ ಮಾಡುತ್ತಿದ್ದ. ಕಸುಬುದಾರನನ್ನು ನಮ್ಮಲ್ಲಿ ಫುಂಡಿ ಎನ್ನುತ್ತಾರೆ. ಅವನ ಹೆಸರೇ ಗೊತ್ತಿಲ್ಲದವರೂ ಫುಂಡಿ ಎಂದು ಕರೆದು ದೀಪ ಕೊಟ್ಟು ಹೋಗುತ್ತಿದ್ದರು. ಎಲ್ಲ ಫುಂಡಿಗಳ ಹಾಗೆ ಅವನೂ ದೀಪದ ಮೂತಿ ಬಿಚ್ಚುವಾಗ ಗಿರಾಕಿಗೆ ಬೆನ್ನು ತಿರುಗಿಸುತ್ತಿದ್ದ. ಕಂಡು ಕಲಿತವನು ನಾಳೆ ಅಂಗಡಿಗೆ ಬರುವುದಿಲ್ಲ. ಹೊಲಿಗೆಯವನೂ ಹಾಗೇ, ಸೈಕಲ್ ರಿಪೇರಿಯವನೂ ಹಾಗೇ. ಗಿರಾಕಿಗಳೂ ಇಣುಕುವುದಿಲ್ಲ. ಅದು ಎರಡೂ ಕಡೆಯವರು ಒಪ್ಪಿಕೊಂಡ ಮರ್ಯಾದೆ.

ಹಿಂದಿನ ತಿಂಗಳ ಬೆಳದಿಂಗಳ ವಾರದಲ್ಲಿ ಒಬ್ಬ ಅವನನ್ನು ಛೇಡಿಸಿದ್ದ. "ಫುಂಡಿ, ನೀನೂ ಏನಾದ್ರೂ ಮಾಡಿ ತೋರ್ಸು. ಏನೂ ಬರದಿದ್ರೆ ತಿರುಗಿ ನಿಂತ್ಕೋ, ನಮಗೆ ನಿನ್ನ ಬೆನ್ನೇ ತಾನೇ ಪರಿಚಯ."

ಎಲ್ಲರೂ ನಕ್ಕರು. ಹಮೀಮುವೂ ನಕ್ಕ. ಮರುದಿನ ಅವನು ಅಸುಕುಲುವನ್ನು ಅಂಗಡಿಗೆ ಕರೆದ.

ಅಸುಕುಲು ಆಚೆ ದಡದವನು. ಮೂರು ವರ್ಷದ ಹಿಂದೆ ಯುದ್ಧ ಶುರುವಾದಾಗ ಕಾಂಗೋದಿಂದ ಒಂದು ದೋಣಿಯಲ್ಲಿ ಬಂದು, ಬಿ ಹಿದಾಯಾ ಎಂಬ ಒಡತಿಯ ಬಳಿ ಆಳಾಗಿ ಸೇರಿದ್ದ. ಆಕೆಗೆ ಎರಡು ದೋಣಿ, ಹನ್ನೊಂದು ಆಳು. ಅಸುಕುಲುವಿನ ಹಾಳಾದ ರೇಡಿಯೋ ಒಂದನ್ನು ಸರಿಮಾಡಿ ಕೊಡುವುದು, ಅದಕ್ಕೆ ಬದಲಾಗಿ ಅವನು ಎಲೆಯ ಆಟ ಕಲಿಸುವುದು ಎಂದು ಮಾತಾಯಿತು. ನಾಲ್ಕು ಮಧ್ಯಾಹ್ನ ಅಂಗಡಿಯ ಬಾಗಿಲು ಅರೆಬರೆ ಮುಚ್ಚಿಕೊಂಡು ಕೂತರು. ಈ ವಿಷಯ ಇಬ್ಬರೂ ಬೇರೆ ಯಾರಿಗೂ ಹೇಳಲಿಲ್ಲ. ಆ ನಾಲ್ಕು ದಿನ ಏನು ನಡೆಯಿತೆಂದು ನನಗೆ ಹಮೀಮುವೇ ಬಹಳ ಕಾಲದ ಮೇಲೆ ಹೇಳಿದ್ದು.

ಆಟ ಸುಲಭದ್ದು. ಎಲೆ ಕಲಸಿ ಕಟ್ಟನ್ನು ನೇರ ಮಾಡಿಕೊಳ್ಳುವಾಗ ತಳದ ಎಲೆ ಯಾವುದೆಂದು ಕಣ್ಣಂಚಲ್ಲಿ ನೋಡಿಟ್ಟುಕೊಳ್ಳಬೇಕು. ಎದುರಿನವನು ಒಂದು ಎಲೆ ತೆಗೆದು ನೋಡಿ ಕಟ್ಟಿನ ಮೇಲಿಡುತ್ತಾನೆ. ಕಟ್ಟನ್ನು ಅರ್ಧಕ್ಕೆ ಎತ್ತಿ, ಕೆಳಗಿನ ಅರ್ಧವನ್ನು ಮೇಲೆ ಹಾಕಿದರೆ, ತಳದ ಎಲೆ ಅವನ ಎಲೆಯ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಒಂದೊಂದೇ ಎಲೆ ಮಗುಚುತ್ತ ಹೋದರಾಯಿತು. ನೋಡಿಟ್ಟುಕೊಂಡ ಎಲೆ ಬಂದ ಮೇಲೆ ಬರುವುದೇ ಅವನದು.

"ಇಷ್ಟೇನಾ?" ಎಂದು ಹಮೀಮು ಕೇಳಿದ.

"ಇಷ್ಟೇ. ಮಗೂನೂ ಮಾಡತ್ತೆ. ಉಳಿದದ್ದೆಲ್ಲ ಬಾಯಿ. ನೀನು ಮಾತಾಡ್ತಿರ್ಬೇಕು, ಅವರು ನಿನ್ನ ಮುಖ ನೋಡ್ತಿರ್ಬೇಕು."

"ನನಗೆ ಮಾತು ಬರಲ್ವಲ್ಲ ಮಾರಾಯ."

"ಅದಕ್ಕೇ ನಾಲ್ಕು ದಿನ ಹಿಡೀತಿರೋದು."

ಮೂರನೆಯ ದಿನ ಹಮೀಮುವಿಗೆ ತನ್ನದೇ ಒಂದು ಉಪಾಯ ಹೊಳೆಯಿತು. ತಳದ ಎಲೆ ಬಂದ ಕೂಡಲೇ ಅವನು ಎದುರಿನವನ ಮಣಿಕಟ್ಟು ಹಿಡಿದುಕೊಳ್ಳುವುದು. ನಾಡಿಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, "ಬಾಯಿ ಮುಚ್ಚಿಡ್ತದೆ, ಕೈ ಹೇಳಿಬಿಡ್ತದೆ" ಎಂದು ಹೇಳಿ, ಮುಂದಿನ ಎಲೆ ಎತ್ತುವುದು. ಮಾತು ಕಡಿಮೆಯಾದರೂ ಸಾಕು.

ಅಸುಕುಲು ಇದನ್ನು ಒಪ್ಪಲಿಲ್ಲ. "ಕೈ ಬೇಡ ಅಣ್ಣಾ. ಎಲೆ ಅಂದ್ರೆ ಎಲೆ, ಜೇಬಿಗೆ ಹಾಕಿದ್ರೆ ಮುಗೀತು. ಕೈ ಹಿಡಿದು ನನಗೆ ಗೊತ್ತಾಗತ್ತೆ ಅಂದ್ಯೋ, ಅದು ಜೇಬಿಗೆ ಹೋಗಲ್ಲ."

"ಆಟಕ್ಕೆ ಕಣೋ."

"ನಾನೂ ಆಟಕ್ಕೇ ಮಾಡಿದ್ದು. ಚೆಕ್‌ಪೋಸ್ಟಲ್ಲಿ ಸೈನಿಕರು ನಮ್ಮನ್ನ ಕೂಡ್ಸಿದ್ರು. ಹೊತ್ತು ಹೋಗ್ಲಿ ಅಂತ ಎಲೆ ತೆಗೆದೆ. ನಕ್ಕರು, ಬೆನ್ನು ತಟ್ಟಿದ್ರು, ಸಿಗರೇಟ್ ಕೊಟ್ರು. ಆಮೇಲೆ ಗೋಡೆ ಹತ್ರ ನಿಂತಿದ್ದೋರನ್ನ ತೋರ್ಸಿ, ಇವರಲ್ಲಿ ಬೇಹುಗಾರ ಯಾರು ಹೇಳು ಅಂದ್ರು."

"ನೀನೇನ್ ಹೇಳ್ದೆ?"

ಅಸುಕುಲು ಹರಡಿದ್ದ ಎಲೆಗಳನ್ನು ಒಟ್ಟು ಮಾಡಿ ಹಮೀಮುವಿನ ಕೈಗಿಟ್ಟ. "ಕಲಸು. ಇನ್ನೊಂದ್ಸಲ ಮಾಡು."

ಬುಧವಾರ ಹಮೀಮು ಕೈ ಹಿಡಿದೇ ಆಟ ಆಡಿದ. ಐವರಲ್ಲಿ ಕೊನೆಯವಳು ಬಿ ಹಿದಾಯಾ. ಆಕೆಯ ಎಲೆ ಆಟೀನು ಏಳು. ಜನ ಸಿಳ್ಳೆ ಹಾಕಿದರು. ಅಂಗಡಿಯವನು ಹಮೀಮುವಿಗೆ ಶುಂಠಿ ಚಹಾ ಬಿಟ್ಟಿ ಕೊಟ್ಟ. ಯಾರೋ ಅವನನ್ನು ಹೆಸರು ಹಿಡಿದು ಕೂಗಿದರು. ಬಿ ಹಿದಾಯಾ ಮಾತ್ರ ನಗದೆ, ತನ್ನ ಮಣಿಕಟ್ಟನ್ನು ಮೇಲೆ ಕೆಳಗೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಅಸುಕುಲು ಆಟ ಮುಗಿಯುವ ಮೊದಲೇ ಎದ್ದು ಹೋಗಿದ್ದ.

ಗುರುವಾರ ಬೆಳಿಗ್ಗೆ ಆರೂವರೆಗೆ ಬಿ ಹಿದಾಯಾಳ ದೋಣಿ ಸಾಮಾನಿನ ಕೊಟ್ಟಿಗೆಯಲ್ಲಿ ಮೂರು ಗ್ಯಾಸ್‌ಲೈಟುಗಳು ಇರಲಿಲ್ಲ. ಬೀಗ ಒಡೆದಿರಲಿಲ್ಲ. ಬೀಗದ ಕೈ ಇರುವ ಮೊಳೆ ಆಕೆಯ ಹನ್ನೊಂದು ಆಳುಗಳಿಗೂ ಗೊತ್ತಿತ್ತು. ಕದ್ದವರು ಯಾರೆಂದು ಇವತ್ತಿನವರೆಗೂ ತಿಳಿದಿಲ್ಲ. ನಾನು ಕೇಳಿದ ಒಂಬತ್ತು ಜನ ನಾಲ್ಕು ಬೇರೆ ಬೇರೆ ಹೆಸರು ಹೇಳಿದ್ದಾರೆ.

ಇಂಥದ್ದು ನಡೆದಾಗ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಗಡುವು ಸಾರುತ್ತಾರೆ. ಅಷ್ಟರೊಳಗೆ ವಸ್ತು ವಾಪಸ್ ಬಾರದಿದ್ದರೆ ಮಸೀದಿಯ ಶೇಖ್ ಅವರಿಂದ ಅಲ್‌ಬದಿರಿ ಎಂಬ ಶಾಪದ ಪ್ರಾರ್ಥನೆ ಓದಿಸುವುದಾಗಿ ಹೇಳುತ್ತಾರೆ. ಆ ಓದು ಕಳ್ಳನನ್ನು ಹುಡುಕಿಕೊಂಡು ಹೋಗಿ ತಟ್ಟುತ್ತದೆ ಎಂಬ ನಂಬಿಕೆ. ಹತ್ತರಲ್ಲಿ ಏಳು ಸಲ ಓದುವ ತನಕ ಹೋಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಕದ್ದ ಸಾಮಾನು ಬಾಗಿಲ ಮುಂದಿರುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಬಿ ಹಿದಾಯಾ ಶುಕ್ರವಾರದ ಗಡುವು ಸಾರಿಸಿದಳು. ಶುಕ್ರವಾರ ಬಂದರೂ ದೀಪ ಬರಲಿಲ್ಲ. ಮಧ್ಯಾಹ್ನದ ನಮಾಜಿನ ನಂತರ ಆಕೆ ಶೇಖ್ ಅವರ ಬಳಿ ಹೋದಳು. ಅವರು ಓದಲು ಒಪ್ಪಲಿಲ್ಲ.

"ಮೂರು ದೀಪಕ್ಕೆ ಅದನ್ನ ಓದಲ್ಲಮ್ಮ. ಬಿಟ್ಟ ಮೇಲೆ ಅದು ನನ್ನ ಕೈಲಿರಲ್ಲ. ಯಾರ ಬಾಗಿಲಿಗೆ ಹೋಗತ್ತೆ ಅಂತ ನಾನು ಹೇಗೆ ಹೇಳ್ಲಿ."

ಅಲ್ಲಿಂದ ಆಕೆ ನೇರವಾಗಿ ಹಮೀಮುವಿನ ಅಂಗಡಿಗೆ ಬಂದಳು. ದಡದ ಅಧ್ಯಕ್ಷ ಮುದುಕ ಬಿತಾಮಾ ಜೊತೆಗಿದ್ದರು. ನಾನು ನನ್ನ ದೀಪಕ್ಕಾಗಿ ಅಲ್ಲಿ ಕಾಯುತ್ತಿದ್ದೆ.

"ನಾಳೆ ನಾಲ್ಕು ಗಂಟೆಗೆ ನನ್ನ ಆಳುಗಳನ್ನ ಸಾಲಾಗಿ ನಿಲ್ಲಿಸ್ತೀನಿ ಫುಂಡಿ," ಎಂದಳು. "ನೀನು ಒಬ್ಬೊಬ್ಬರ ಕೈ ಹಿಡಿ. ಹೆಸರು ಹೇಳು, ಸಾಕು. ಮುಂದಿಂದು ನಾವು ನೋಡ್ಕೋತೀವಿ."

ಮುಂದಿನದು ಏನೆಂದು ಅಂಗಡಿಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಹಿಂದಿನ ವರ್ಷ ಪಕ್ಕದ ದಡದಲ್ಲಿ ಬಲೆ ಕದ್ದನೆಂದು ಒಬ್ಬನನ್ನು ಹಿಡಿದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಹಿಡಿದದ್ದು. ಮಧ್ಯಾಹ್ನದೊಳಗೆ ಅವನು ಮರಳಿನ ಮೇಲೇ ಸತ್ತ. ಎಂಟು ದಿನದ ನಂತರ ಬಲೆ ತೇಲಿ ಬಂದು ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು.

ಹಮೀಮು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. "ಬಿ ಹಿದಾಯಾ, ಅದು ಬರೀ ಆಟ. ಕೈಯಲ್ಲಿ ಏನೂ ಇಲ್ಲ. ಬನ್ನಿ, ತೋರಿಸ್ತೀನಿ." ಎಲೆ ತೆಗೆದು, ನಿಧಾನವಾಗಿ, ತಳದ ಎಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಮಾಡಿ ತೋರಿಸಿದ. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ಎಲೆಯನ್ನು ಆಕೆಯ ಕೈಗೇ ಕೊಟ್ಟ. ಆಕೆ ಮಾಡಿದಳು, ಸರಿಯಾಗಿ ಬಂತು.

ಅಧ್ಯಕ್ಷರಿಗೆ ಅರ್ಥವಾದಂತೆ ಕಂಡಿತು. ಅವರು ಏನೋ ಹೇಳಲು ಬಾಯಿ ತೆರೆದರು. ಆದರೆ ಬಿ ಹಿದಾಯಾ ಎಲೆಗಳನ್ನು ಮೇಜಿನ ಮೇಲೆ ಇಟ್ಟು, ಹಮೀಮುವನ್ನೇ ನೋಡುತ್ತ ಕೇಳಿದಳು:

"ಹದಿನಾಲ್ಕು ವರ್ಷದಲ್ಲಿ ನೀನು ನನ್ನೆದುರು ಒಂದು ವಾಷರ್ ಬದಲಾಯಿಸಿದ್ದೀಯಾ?"

"ಇಲ್ಲ."

"ಒಂದು ವಾಷರ್‌ಗೆ ಬೆನ್ನು ತಿರುಗಿಸೋನು, ಇದನ್ನ ಬಿಡಿಸಿ ಬಿಡಿಸಿ ಮೂರು ಸಲ ತೋರಿಸ್ತಿದ್ದೀಯ. ನಿಜವಾದ ಕೆಲಸ ಯಾವ ಫುಂಡಿ ತೋರಿಸ್ತಾನಪ್ಪಾ? ನೀನು ತೋರಿಸ್ತಿದ್ದೀಯ ಅಂದ್ಮೇಲೆ ಇದಲ್ಲ ಅದು."

ಹಮೀಮು ಮೇಜಿನ ಮೇಲಿನ ಎಲೆಗಳನ್ನು ಒಟ್ಟು ಮಾಡಿದ. ಅವನನ್ನು ಅರ್ಥ ಮಾಡಿಕೊಂಡಿದ್ದ ಅಧ್ಯಕ್ಷರೂ ಈಗ ತಲೆಯಾಡಿಸುತ್ತಿದ್ದುದು ಆಕೆಯ ಮಾತಿಗೆ. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ನನಗೂ ಆಕೆ ಹೇಳಿದ್ದು ಸರಿ ಎನಿಸಿತು.

"ಬರಲ್ಲ ಅಂದ್ರೆ?" ಎಂದು ಹಮೀಮು ಕೇಳಿದ.

"ಯಾರನ್ನೋ ಕಾಪಾಡ್ತಿದ್ದೀಯ ಅಂತ ತಿಳ್ಕೋತೀನಿ," ಎಂದು ಬಿ ಹಿದಾಯಾ ಎದ್ದಳು.

ಆ ಸಂಜೆ ಹಮೀಮು ಒಂದು ನಿರ್ಧಾರಕ್ಕೆ ಬಂದ. ಹನ್ನೊಂದು ಕೈಗಳನ್ನೂ ಹಿಡಿಯುವುದು, ಹನ್ನೊಂದೂ ಶುದ್ಧ ಎನ್ನುವುದು. ಹೆಸರೇ ಬಾರದಿದ್ದರೆ ಯಾರಿಗೂ ಪೆಟ್ಟು ಬೀಳುವುದಿಲ್ಲ. ಇದನ್ನು ಅಸುಕುಲುವಿಗೆ ಹೇಳಬೇಕೆಂದು ಅವನ ಗುಡಿಸಲ ಕಡೆ ಹೊರಟ. ಬಾಗಿಲಲ್ಲಿ ಅದೇ ದೋಣಿಯ ಇಬ್ಬರು ಬಲೆ ಹೊಲಿಯುತ್ತ ಕೂತಿದ್ದರು. ಪರೀಕ್ಷೆಯ ಹಿಂದಿನ ದಿನ ಪರೀಕ್ಷೆ ಮಾಡುವವನು ಒಬ್ಬನ ಮನೆಗೆ ಹೋಗುವುದನ್ನು ಅವರು ನೋಡುವುದು ಬೇಡವೆಂದು, ಹಮೀಮು ದಾರಿ ತಪ್ಪಿದವನಂತೆ ಮುಂದೆ ನಡೆದು ಮನೆಗೆ ಮರಳಿದ.

ಶನಿವಾರ ನಾಲ್ಕು ಗಂಟೆಗೆ ಜನ ಇಪ್ಪತ್ತಾರಲ್ಲ, ನೂರೈವತ್ತಕ್ಕೆ ಕಡಿಮೆಯಿರಲಿಲ್ಲ. ಪಕ್ಕದ ದಡದವರೂ ಬಂದಿದ್ದರು. ಹನ್ನೊಂದು ಆಳುಗಳು ದೋಣಿಯ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು, ಅಸುಕುಲು ಎಂಟನೆಯವನು. ಹಮೀಮು ಮೊದಲನೆಯವನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದ. "ಶುದ್ಧ" ಎಂದ. ಆ ಆಳು ಉಸಿರು ಬಿಟ್ಟದ್ದು ಹಿಂದಿದ್ದ ನನಗೂ ಕೇಳಿಸಿತು. ಎರಡನೆಯವನು ಶುದ್ಧ. ಮೂರನೆಯವನು ಶುದ್ಧ. ಶುದ್ಧರಾದವರು ಸಾಲು ಬಿಟ್ಟು ಜನರ ಕಡೆ ಬಂದು ನಿಂತು, ಉಳಿದವರನ್ನು ನೋಡತೊಡಗಿದರು. ಏಳು ಜನ ಹೀಗೆ ಈಚೆ ಬಂದಾಗ ಸಾಲಿನಲ್ಲಿ ನಾಲ್ವರೇ ಇದ್ದರು. ಗುಂಪು ಎರಡು ಹೆಜ್ಜೆ ಮುಂದೆ ಸರಿಯಿತು.

ಅಸುಕುಲು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಅವನು ಯಾಕೆ ಹಾಗೆ ಮಾಡಿದನೆಂದು ಊಹಿಸುವುದು ಕಷ್ಟವಲ್ಲ. ಹಮೀಮುವಿನ ನಿರ್ಧಾರ ಅವನಿಗೆ ಗೊತ್ತಿರಲಿಲ್ಲ. ಇಂಥ ಸಾಲನ್ನು ಅವನು ಮೊದಲು ಕಂಡಿದ್ದ. ಹೆಸರು ಹೇಳಲೇಬೇಕೆಂದು ಒತ್ತಾಯ ಬಂದಾಗ ಯಾರ ಹೆಸರು ಸಲೀಸಾಗಿ ಬಾಯಿಗೆ ಬರುತ್ತದೆ ಎಂಬುದೂ ಅವನಿಗೆ ತಿಳಿದಿತ್ತು. ಆ ಸಾಲಿನಲ್ಲಿ ಆಚೆ ದಡದವನು ಅವನೊಬ್ಬನೇ.

"ಕೈ ಕೊಡೋ," ಎಂದ ಹಮೀಮು ಮೆಲ್ಲಗೆ.

"ಕೊಡಲ್ಲ."

"ಕೊಡು ಅಂದೆ. ನಿನಗೇ ಒಳ್ಳೇದು."

ಅಸುಕುಲು ಜನರ ಕಡೆ ತಿರುಗಿ ದೊಡ್ಡ ಧ್ವನಿಯಲ್ಲಿ ಹೇಳಿದ: "ಕೈಯಲ್ಲಿ ಏನೂ ಗೊತ್ತಾಗಲ್ಲ. ಎಲ್ಲಾ ತಳದ ಎಲೆದು. ಇವನಿಗೆ ಅದನ್ನ ಕಲಿಸಿದ್ದು ನಾನು, ಇವನ ಅಂಗಡೀಲಿ, ನಾಲ್ಕು ದಿನ. ಬೇಕಾದ್ರೆ ಇವನನ್ನೇ ಕೇಳಿ."

ಶುದ್ಧರಾದ ಏಳು ಜನರಲ್ಲಿ ಒಬ್ಬ ನಕ್ಕ. "ಎಂಟನೇ ಕೈ ಬರೋವರೆಗೂ ಇದು ಆಟ ಅಂತ ನೆನಪಾಗ್ಲಿಲ್ವಾ ನಿನಗೆ?"

"ಬುಧವಾರ ಯಾಕೆ ಎದ್ದು ಓಡಿದ್ದಪ್ಪಾ?" ಎಂದ ಇನ್ನೊಬ್ಬ.

ಬಿ ಹಿದಾಯಾ ಹಮೀಮುವಿನ ಹತ್ತಿರ ಬಂದಳು. "ಹೇಳು ಫುಂಡಿ. ಇವನೇನಾ ಕಲಿಸಿದ್ದು?"

ಹೌದು ಎಂದರೆ ಏಳು ಜನರಿಗೆ ಹೇಳಿದ್ದೂ ಸುಳ್ಳಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಸುಕುಲು ಪರೀಕ್ಷೆಗೆ ಹೆದರಿದವನಾಗಿಯೇ ಉಳಿಯುತ್ತಿದ್ದ. ಅವನು ಶುದ್ಧ ಎಂದು ಹೇಳಬೇಕಿದ್ದರೆ, ಹೇಳುವ ಶಕ್ತಿ ತನಗಿದೆ ಎಂದು ಜನ ನಂಬಬೇಕಿತ್ತು. ಹಮೀಮು ಹೀಗೆ ಲೆಕ್ಕ ಹಾಕಿದ. ಲೆಕ್ಕ ತಪ್ಪಾಗಿರಲಿಲ್ಲ.

"ಇಲ್ಲ," ಎಂದ. "ಇವನು ನನಗೆ ಏನೂ ಕಲಿಸಿಲ್ಲ."

ಅಸುಕುಲು ಅವನನ್ನು ನೋಡಿದ. ಆಗ ಇಬ್ಬರು ಹಿಂದಿನಿಂದ ಅಸುಕುಲುವಿನ ತೋಳು ಹಿಡಿದು ಮುಂದಕ್ಕೆ ಎಳೆದರು. ಹಮೀಮು ಮಣಿಕಟ್ಟಿನ ಮೇಲೆ ಬೆರಳಿಟ್ಟ. ನಾಡಿ ಎಷ್ಟು ಜೋರಾಗಿ ಹೊಡೆಯುತ್ತಿತ್ತೆಂದರೆ ಚರ್ಮದ ಮೇಲೆಯೇ ಕಾಣುತ್ತಿತ್ತು. ಮುಂದಿನ ಸಾಲಿನವರು ಕಂಡೆವೆಂದು ಹೇಳಿದ್ದಾರೆ.

"ಶುದ್ಧ," ಎಂದ ಹಮೀಮು.

ಒಂಬತ್ತು, ಹತ್ತು, ಹನ್ನೊಂದು. ಎಲ್ಲರೂ ಶುದ್ಧ. ನಾಲ್ಕೂವರೆ ಗಂಟೆಯಾಗಿತ್ತು. ಅಧ್ಯಕ್ಷ ಬಿತಾಮಾ, "ಸರಿ, ಮುಗೀತು, ಎಲ್ಲಾ ಮನೆಗೆ ಹೋಗಿ," ಎಂದರು. ಕೆಲವರು ತಿರುಗಿದರು ಕೂಡ.

ಬಿ ಹಿದಾಯಾ ನಿಂತಲ್ಲೇ ಇದ್ದಳು. "ನನ್ನ ಹನ್ನೊಂದು ಜನಾನೂ ಕದ್ದಿಲ್ಲ," ಎಂದಳು, ಯಾರಿಗೆಂದಿಲ್ಲದೆ. "ಬೀಗ ಒಡೆದಿಲ್ಲ. ರಿಪೇರಿ ಆದ ದೀಪ ತಂದಿಡೋಕೆ ಅಂತ ಕೊಟ್ಟಿಗೆಗೆ ಹೋಗಿ ಬಂದು ಮಾಡೋನು ಇನ್ಯಾರು? ದೀಪ ಬಿಚ್ಚಿ ಚೂರು ಚೂರು ಮಾಡಿ, ಗುರುತು ಸಿಗದ ಹಾಗೆ ಮಾರೋಕೆ ಬರೋದು ಯಾರಿಗೆ?" ಆಮೇಲೆ ತಿರುಗಿದಳು. "ಫುಂಡಿ, ನಿನ್ನ ಕೈ ಯಾರು ಹಿಡೀಬೇಕು?"

ಹೋಗುತ್ತಿದ್ದವರು ಹಿಂದೆ ಬಂದರು. ಹಮೀಮು ಏನೋ ಹೇಳಿದ, ಕೇಳಿಸಲಿಲ್ಲ.

"ಕಲಿಸಿದ್ದು ನಾನು ಅಂದ್ಯಲ್ಲ," ಎಂದು ಬಿ ಹಿದಾಯಾ ಅಸುಕುಲುವನ್ನು ಕರೆದಳು. "ಬಾ. ಗುರು ನೀನಾದ್ರೆ ನೀನೇ ಹಿಡಿ."

ಅಸುಕುಲು ಬಂದ. ಒಂದು ಗಳಿಗೆಯ ಹಿಂದೆ ನೂರೈವತ್ತು ಜನರೆದುರು ತನ್ನನ್ನು ಸುಳ್ಳುಗಾರನನ್ನಾಗಿ ಮಾಡಿದವನ ಕೈಯನ್ನು ತೆಗೆದುಕೊಂಡ. ಹಮೀಮುವಿನ ಬೆರಳುಗಳಲ್ಲಿ ಎಂದಿನ ಸೀಮೆಎಣ್ಣೆಯ ಕರೆ ಇತ್ತು. ಅಸುಕುಲು ಕಣ್ಣು ಮುಚ್ಚಲಿಲ್ಲ. ಸುಮಾರು ಹತ್ತು ಉಸಿರಿನಷ್ಟು ಹೊತ್ತು ಹಿಡಿದಿದ್ದ.

"ಶುದ್ಧ," ಎಂದ.

"ಆಗ ಕೈಯಲ್ಲಿ ಏನೂ ಗೊತ್ತಾಗಲ್ಲ ಅಂದೆ," ಎಂದಳು ಬಿ ಹಿದಾಯಾ. "ಈಗ ಶುದ್ಧ ಅಂತೀಯ. ಯಾವುದು ಸುಳ್ಳು?"

ಅಸುಕುಲು ಹಮೀಮುವಿನ ಕೈ ಬಿಟ್ಟ.

"ಅವನು ಇವನನ್ನ ಶುದ್ಧ ಅಂದ, ಇವನು ಅವನನ್ನ ಶುದ್ಧ ಅಂದ," ಎಂದು ಗುಂಪಿನಲ್ಲಿ ಒಬ್ಬ ಹೇಳಿದ. ಜೋರಾಗಿಯೇನೂ ಹೇಳಲಿಲ್ಲ. "ನಾಲ್ಕು ದಿನ ಬಾಗಿಲು ಹಾಕ್ಕೊಂಡು ಅಂಗಡೀಲಿ ಏನ್ ಮಾಡ್ತಿದ್ರು ಅಂತ ಈಗ ಗೊತ್ತಾಯ್ತು."

ಅಧ್ಯಕ್ಷ ಬಿತಾಮಾ ಎಪ್ಪತ್ತರ ಮುದುಕರು, ಆದರೆ ಆ ಹೊತ್ತಿಗೆ ಮಾಡಬೇಕಾದದ್ದನ್ನು ಮಾಡಿದರು. ಇಬ್ಬರ ನಡುವೆ ನಿಂತು, ಇಬ್ಬರ ಅಂಗಿಯನ್ನೂ ಹಿಡಿದುಕೊಂಡು, ಇವರನ್ನು ಪಟ್ಟಣದ ಠಾಣೆಗೆ ನಾನೇ ಒಪ್ಪಿಸುತ್ತೇನೆ, ಯಾರೂ ಮುಟ್ಟಕೂಡದು ಎಂದರು. ಸರೋವರದ ದಂಡೆಯ ಮೇಲಿನ ದಾರಿ. ಠಾಣೆ ನಾಲ್ಕು ಕಿಲೋಮೀಟರು. ಐದು ಗಂಟೆಗೆ ಹೊರಟರು. ಗುಂಪು ಹಿಂದೆ ಹೊರಟಿತು. ಮೊದಲು ಇಪ್ಪತ್ತು ಹೆಜ್ಜೆ ಅಂತರವಿತ್ತು. ಮೀನು ಒಣಹಾಕುವ ಮರಳಿನ ಹತ್ತಿರ ಹತ್ತು ಹೆಜ್ಜೆಯಾಯಿತು. ಹೆಂಗಸರು ಮನೆಗಳಿಂದ ಹೊರಗೆ ಬಂದು ಏನಾಯಿತೆಂದು ಕೇಳಿದರು. ಹಿಂದೆ ಬರುತ್ತಿದ್ದವರು "ದೀಪದ ಕಳ್ಳರು" ಎಂದರು. "ಇಬ್ಬರು" ಎಂದೂ ಸೇರಿಸಿದರು. ನಾನೂ ಗುಂಪಿನಲ್ಲಿದ್ದೆ. ಯಾಕೆ ಹೋಗುತ್ತಿದ್ದೇನೆಂದು ಯಾರಾದರೂ ಕೇಳಿದ್ದರೆ, ಏನಾಗುತ್ತದೋ ನೋಡಲು ಎನ್ನುತ್ತಿದ್ದೆ.

ಮುಂದೆ ನಡೆಯುತ್ತಿದ್ದ ಮೂವರೂ ಹಿಂದೆ ತಿರುಗಿ ನೋಡಲಿಲ್ಲ. ಒಮ್ಮೆ ಮಾತ್ರ ಹಮೀಮು ಅಸುಕುಲುವಿನ ಕಡೆ ಬಾಗಿ ಏನೋ ಹೇಳಿದ. ಏನು ಹೇಳಿದ್ದೆಂದು ನಾನು ಅವನನ್ನು ಕೇಳಿದ್ದೇನೆ. "ಎಲ್ಲರನ್ನೂ ಶುದ್ಧ ಅನ್ನೋಣ ಅಂತಿದ್ದೆ, ನಿನಗೆ ಹೇಳೋಕೆ ಬಂದಿದ್ದೆ" ಎಂದನಂತೆ. ಅಸುಕುಲು "ಈಗ ನಡಿ" ಎಂದನಂತೆ.

ಐದು ಗಂಟೆ ನಲವತ್ತು ನಿಮಿಷಕ್ಕೆ ಅವರು ಹಳ್ಳದ ಸೇತುವೆ ತಲುಪಿದರು. ಅಲ್ಲಿ ರಸ್ತೆ ರಿಪೇರಿಗೆಂದು ಸುರಿದ ಜಲ್ಲಿಯ ರಾಶಿಯಿತ್ತು. ಮೊದಲ ಕಲ್ಲು ಅಧ್ಯಕ್ಷರ ಭುಜಕ್ಕೆ ಬಿತ್ತು. ಅವರು ಅಂಗಿ ಬಿಟ್ಟರು.

ಠಾಣೆಯ ಪುಸ್ತಕದಲ್ಲಿ ಇಬ್ಬರ ಹೆಸರೂ ಆರು ಗಂಟೆ ಇಪ್ಪತ್ತಕ್ಕೆ ಬರೆಯಲ್ಪಟ್ಟಿವೆ. ಹಮೀಮು ನಡೆದುಕೊಂಡು ಒಳಗೆ ಹೋದ. ಎರಡು ದಿನ ಇಟ್ಟುಕೊಂಡು ಅವನನ್ನು ಬಿಟ್ಟರು. ಅವನು ಕಬಾಂಗೊಗೆ ಮರಳಲಿಲ್ಲ. ಅಸುಕುಲುವನ್ನು ಠಾಣೆಯಿಂದ ಆಸ್ಪತ್ರೆಗೆ ಸಾಗಿಸಿದರು. ಸೋಮವಾರ ಬೆಳಿಗ್ಗೆ ಅವನು ತೀರಿಕೊಂಡ. ಬುಧವಾರದಿಂದ ಕತ್ತಲ ರಾತ್ರಿಗಳು ಶುರುವಾದವು. ಬಿ ಹಿದಾಯಾಳ ಎರಡು ದೋಣಿಗಳು ಪಕ್ಕದ ದಡದಿಂದ ಬಾಡಿಗೆಗೆ ತಂದ ಮೂರು ಗ್ಯಾಸ್‌ಲೈಟುಗಳನ್ನು ಕಟ್ಟಿಕೊಂಡು, ಹತ್ತು ಆಳುಗಳೊಂದಿಗೆ ನೀರಿಗಿಳಿದವು.